ಪಾದ್ರಿಗಳಿಲ್ಲದ ಹದಿನೈದು ವರ್ಷ

ಕಷ್ಟಕಾಲದಲ್ಲಿ ಎದೆಗುಂದದೆ ನಿಲ್ಲುವುದು ಕೆಲವರಿಗೆ ಹುಟ್ಟಿನಿಂದ ಬಂದ ಗುಣವೆಂದು ಕ್ರೈಸ್ತ ಧರ್ಮ ಹೇಳುವುದಿಲ್ಲ. ಅದು ದಿನದಿನದ ರೂಢಿಯಿಂದ ಬಲಿಯುವಂಥದ್ದು. ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರದಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ಭರವಸೆ ಎಂಬ ಕ್ರಮವನ್ನು ಹೇಳಿದ್ದಾನೆ. ಈ ಮಾತು ಒಬ್ಬಿಬ್ಬರ ಬಾಳಿನಲ್ಲಲ್ಲ, ಇಡೀ ಸಮುದಾಯದ ಬಾಳಿನಲ್ಲಿ ಒರೆಗೆ ಹತ್ತಿದ್ದನ್ನು ನೋಡಬೇಕಾದರೆ ಕರ್ನಾಟಕದ ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಚರಿತ್ರೆಯನ್ನು ನೋಡಬೇಕು.

ಕಾರವಾರ ಮತ್ತು ಅಂಕೋಲೆಯ ನಡುವಿನ ಹಟ್ಟಿಕೇರಿ, ಅವರ್ಸಾ, ಹಾರವಾಡದ ತೀರವು ಗೋವಾದಿಂದ ದಕ್ಷಿಣಕ್ಕೆ ಇಳಿಯುವವರು ಹಾದುಹೋಗುವ ದಾರಿ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ ಶುರುವಾದ ಮೇಲೆ ಹಿಂದೂಗಳೂ ಹೊಸದಾಗಿ ಕ್ರೈಸ್ತರಾದವರೂ ಗಡಿ ದಾಟಿ ಬಂದರು. ಬರಗಾಲ, 1683ರ ಸಂಭಾಜಿಯ ದಾಳಿ, 1739ರ ಮರಾಠರ ಯುದ್ಧ ಇನ್ನಷ್ಟು ಜನರನ್ನು ಈಚೆಗೆ ತಳ್ಳಿದವು. ಉತ್ತರದ ಸೀಮೆಯಲ್ಲಿ ಸೋದೆಯ ಅರಸರು, ಕೆಳಗೆ ಕೆಳದಿಯ ನಾಯಕರು ಆಳುತ್ತಿದ್ದ ಕಾಲ ಅದು. ಬೇಸಾಯದಲ್ಲಿ ಪಳಗಿದ ಈ ವಲಸಿಗರಿಗೆ ನಾಯಕರ ಸೀಮೆಯಲ್ಲಿ ಭೂಮಿ ಸಿಕ್ಕಿತು. ನೆಲೆ ಸಿಕ್ಕರೂ ಪಾದ್ರಿಗಳ ಕೊರತೆ ಮಾತ್ರ ನೀಗಲಿಲ್ಲ. ಗೋವಾದ ಆರ್ಚ್‌ಬಿಷಪ್ಪರ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡವರ ಅಧಿಕಾರಕ್ಕೂ ತಿಕ್ಕಾಟ ಬೇರೆ ನಡೆದಿತ್ತು.

ಈ ತಿಕ್ಕಾಟದ ನಡುವೆ, ಗೋವಾದ ಬಾಣಾವಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಯುವ ಪಾದ್ರಿ 1681ರಲ್ಲಿ ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿ ಸೀಮೆಯ ಹೊಣೆ ಹೊತ್ತು ಬಂದರು. ಮೂರು ವರ್ಷ ಊರೂರು ತಿರುಗಿ, ಚದುರಿಹೋಗಿದ್ದ ಕುಟುಂಬಗಳನ್ನು ಮತ್ತೆ ಪ್ರಾರ್ಥನೆಗೆ ಕೂಡಿಸಿದರು. ಅವರ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ, ಶ್ರೀಲಂಕೆಯಲ್ಲಿ. ಅಲ್ಲಿ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾ ಸೇರಿದ ವಾಜ್ ಆಮಶಂಕೆಯಿಂದ ಸಾಯುವ ಸ್ಥಿತಿಗೆ ಬಂದು ಬದುಕಿಕೊಂಡರು. ಗುಟ್ಟಾಗಿ ಧರ್ಮ ಪಾಲಿಸುತ್ತಿದ್ದವರನ್ನು ಹುಡುಕಲು ಅವರು ಕಂಡುಕೊಂಡ ದಾರಿ ಸರಳವಾಗಿತ್ತು: ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುವುದು. ಸರವನ್ನು ಕಂಡು ಯಾರ ಮುಖದಲ್ಲಿ ಗುರುತು ಹತ್ತಿದ ಕಳೆ ಮೂಡುತ್ತದೆಯೋ ಅವರೇ ತಮ್ಮವರು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಸೆರೆಮನೆ ಕಂಡರು. 1697ರಲ್ಲಿ ಸಿಡುಬು ಹರಡಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ ಅವರ ಆರೈಕೆಗೆ ನಿಂತರು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ವಾಜ್ ಕೆನರಾ ಬಿಟ್ಟು ನೂರು ವರ್ಷ ತುಂಬುವ ಹೊತ್ತಿಗೆ ಇಲ್ಲಿನ ಕ್ರೈಸ್ತರ ಮೇಲೆ ದೊಡ್ಡ ಕಷ್ಟ ಎರಗಿತು. ಎರಡನೇ ಮೈಸೂರು ಯುದ್ಧದಲ್ಲಿ ಮಂಗಳೂರನ್ನು ಮರಳಿ ಪಡೆದ ಟಿಪ್ಪು ಸುಲ್ತಾನ್, ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಅವರ ಬಂಧನಕ್ಕೆ ಅಪ್ಪಣೆ ಮಾಡಿದ. ಬಂಧನ ಆರಂಭವಾದದ್ದು 1784ರ ಫೆಬ್ರುವರಿ 24ರಂದು. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತು ಅದು. ಆಸ್ತಿ ಜಪ್ತಿಯಾಯಿತು, ಇಗರ್ಜಿಗಳು ಬಿದ್ದವು, ಪಾದ್ರಿಗಳನ್ನು ಗೋವಾಕ್ಕೆ ಅಟ್ಟಲಾಯಿತು. ಜನರನ್ನು ಘಟ್ಟ ಹತ್ತಿಸಿ ಕಾಲ್ನಡಿಗೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಅಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ 30,000 ಎಂದರೆ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಅದರ ಇಮ್ಮಡಿ ಹೇಳುತ್ತಾನೆ. ಉದ್ದೇಶ ಬರಿಯ ರಾಜಕೀಯವೇ, ಧಾರ್ಮಿಕವೂ ಹೌದೇ ಎಂಬುದರಲ್ಲೂ ಚರಿತ್ರಕಾರರು ಒಂದೇ ಮಾತು ಹೇಳುವುದಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಯುವಕರು ಸೈನ್ಯಕ್ಕೆ ಸೇರಬೇಕಾಯಿತು, ಅನೇಕರ ಮೇಲೆ ಮತಾಂತರದ ಒತ್ತಡ ಬಿತ್ತು. ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ.

1799ರ ತನಕ ಹದಿನೈದು ವರ್ಷ ಪಾದ್ರಿಗಳಿಲ್ಲದೆ, ಇಗರ್ಜಿಯಿಲ್ಲದೆ ನಂಬಿಕೆ ಉಳಿಯುವುದು ಹೇಗೆ? ಇದಕ್ಕೆ ಕ್ಯಾಥೊಲಿಕ್ ಧರ್ಮಾಚರಣೆಯ ಒಳಗಟ್ಟಿನಲ್ಲೇ ಅರ್ಧ ಉತ್ತರವಿದೆ. ಬಲಿಪೂಜೆಗೂ ಪಾಪನಿವೇದನೆಗೂ ಪಾದ್ರಿಯೇ ಬೇಕು. ಆದರೆ ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಸೂಲಗಿತ್ತಿಯೂ ಜ್ಞಾನಸ್ನಾನ ಕೊಡಬಹುದು. ನೀರೂ ನಿಗದಿಯಾದ ಮಾತೂ ಇದ್ದರೆ ಸಾಕು. ಪಾದ್ರಿ ಸಿಗುವ ದಾರಿಯೇ ಇಲ್ಲದಾಗ ಸಾಕ್ಷಿಗಳ ಎದುರು ಗಂಡು ಹೆಣ್ಣು ಕೊಟ್ಟುಕೊಂಡ ಮಾತೇ ಮದುವೆಯಾಗುತ್ತದೆ. ಕೊಂಕಣಿಯಲ್ಲಿ ‘ತೇರ್ಸ್’ ಎನ್ನುವ ಸಂಜೆಯ ಜಪಸರ ಪ್ರಾರ್ಥನೆಗೆ ಪುಸ್ತಕವೂ ಬೇಡ, ಅಕ್ಷರಜ್ಞಾನವೂ ಬೇಡ. ಸರ ಕಿತ್ತುಕೊಂಡರೆ ಹತ್ತು ಬೆರಳುಗಳಲ್ಲೇ ಹತ್ತು ಜಪ ಎಣಿಸಬಹುದು. ಅಜ್ಜಿ ಹೇಳಿದ್ದನ್ನು ಮೊಮ್ಮಗು ಬಾಯಿಪಾಠ ಮಾಡಿದರೆ ಒಂದು ತಲೆಮಾರು ದಾಟಿದ ಹಾಗೆ. ಇಂಥ ಆಚರಣೆಯನ್ನು ಮನೆಯಿಂದ ಕಿತ್ತುಹಾಕುವುದು ಕಟ್ಟಡ ಕೆಡವಿದಷ್ಟು ಸುಲಭವಲ್ಲ.

ಉತ್ತರದ ಉಳಿದರ್ಧ ಹೊರಗಿನವರ ಆಸರೆ. ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. ಅವನು 1792ರಲ್ಲಿ ಕಟ್ಟಿದ ವಿರಾಜಪೇಟೆಯಲ್ಲಿ ಅವರಿಗೆ ನೆಲೆಯೂ ಸಂತ ಅನ್ನಮ್ಮನ ಇಗರ್ಜಿಯೂ ಆದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿದ್ದು ಸೆರೆ ಮುಗಿದ ಮೇಲೆ ಅಲ್ಲೇ ಉಳಿದ ಕ್ರೈಸ್ತರನ್ನು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಒಟ್ಟುಗೂಡಿಸಿದರು. ಕರಾವಳಿಗೆ ಮರಳಿದವರಿಗೆ ಹೊಲಮನೆಗಳನ್ನು ಬಿಡಿಸಿಕೊಳ್ಳುವುದೇ ಇನ್ನೊಂದು ಹೋರಾಟವಾಯಿತು. ಗೋವಾದಿಂದ ಪಾದ್ರಿಗಳು ಬಂದರು, ಇಗರ್ಜಿಗಳು ಒಂದೊಂದಾಗಿ ಎದ್ದವು. ಈ ಸೆರೆವಾಸದ ನೆನಪು ಮುಂದೆ ವಿ.ಜೆ.ಪಿ. ಸಲ್ಡಾನ್ಹಾ ಅವರ ಕೊಂಕಣಿ ಕಾದಂಬರಿಗಳಿಗೆ ವಸ್ತುವಾಯಿತು.

ಆದರೆ ಇದನ್ನು ಗೆಲುವಿನ ಕಥೆಯಾಗಿ ಮಾತ್ರ ಹೇಳುವುದು ಸರಿಯಾಗದು. ಹೋದವರಲ್ಲಿ ಒಂದು ಪಾಲು ಮಾತ್ರ ಊರು ಕಂಡಿತು. ಒತ್ತಡಕ್ಕೆ ಮಣಿದವರೂ ಇದ್ದರು, ಮಣಿಯದೆ ಸತ್ತವರೂ ಇದ್ದರು. ಕ್ರೈಸ್ತ ನಂಬಿಕೆಯೂ ಕಷ್ಟ ಬಾರದೆಂದು ಮಾತು ಕೊಡುವುದಿಲ್ಲ. ಅದರ ಕೇಂದ್ರದಲ್ಲಿರುವುದು ಶಿಲುಬೆಗೇರಿದವನ ಚಿತ್ರ. ಬೈಬಲ್ಲಿನ ಯೋಬನ ಕಥೆಯಲ್ಲಿ ದೇವರೊಂದಿಗೆ ಜಗಳವಾಡಿದವನೇ ಕೊನೆಗೆ ಮೆಚ್ಚುಗೆ ಪಡೆಯುತ್ತಾನೆ, ಉಪದೇಶ ಮಾಡಲು ಬಂದ ಗೆಳೆಯರಲ್ಲ. ಅಳುವುದೂ ದೂರುವುದೂ ಪ್ರಾರ್ಥನೆಯ ಭಾಗವೇ ಎಂಬ ಈ ತಿಳಿವಳಿಕೆ ತಾಳ್ಮೆಯನ್ನು ಮೌನ ಸಹನೆಯಿಂದ ಬೇರೆ ಮಾಡುತ್ತದೆ.

ಉತ್ತರ ಕನ್ನಡದ ಕ್ಯಾಥೊಲಿಕರಿಗೆ 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟ ಕಾರವಾರ ಧರ್ಮಪ್ರಾಂತ್ಯವಿದೆ. ಪಾದ್ರಿಗಳಿಗಾಗಿ ಗೋವಾದ ಕಡೆ ಕಣ್ಣುನೆಟ್ಟು ಕೂರುವ ಕಾಲ ಈಗಿಲ್ಲ. ಕಷ್ಟಗಳ ರೂಪ ಮಾತ್ರ ಬದಲಾಗಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲೆ ತೀರದ ಸಾವಿರಾರು ಕುಟುಂಬಗಳು, ಎಲ್ಲ ಜಾತಿ ಧರ್ಮದವರು, ನೆಲೆ ಬಿಟ್ಟರು. ಊರು ಬಿಟ್ಟ ಕುಟುಂಬ ಇಗರ್ಜಿಯನ್ನು ಹೊತ್ತೊಯ್ಯಲಾರದು. ಆದರೆ ಕ್ರೈಸ್ತರ ಮನೆಯ ಆಲ್ತಾರ್, ಅಂದರೆ ಗೋಡೆಯ ಮೇಲಿನ ದೇವರ ಗೂಡು, ಮನೆಯವರೊಂದಿಗೇ ಸಾಗುತ್ತದೆ. ಕರಾವಳಿಯ ಈ ಚರಿತ್ರೆಯಿಂದ ತಿಳಿಯುವುದು ಇಷ್ಟು: ಕಷ್ಟ ಬಂದ ದಿನ ತಾಳ್ಮೆಯನ್ನು ಹೊಸದಾಗಿ ಕಲಿಯಲಾಗದು. ಸುಖದ ದಿನಗಳಲ್ಲಿ ರೂಢಿಯಾದ ಪ್ರಾರ್ಥನೆ, ಅದನ್ನು ಹಂಚಿಕೊಳ್ಳುವ ಮನೆ, ಹೊತ್ತಿಗೆ ಒದಗುವ ನೆರೆಯವರು, ಈ ಮೂರೂ ಇದ್ದಲ್ಲಿ ಸಮುದಾಯ ಉಳಿದುಕೊಂಡಿದೆ.