ಪೆಪ್ಟೈಡುಗಳಲ್ಲಿ ಆಗಮಾದೇಶಗಳು

ದಾವಣಗೆರೆ, ಹರಿಹರ ಎಂಬ ನೆರೆಯೂರುಗಳ ಹೆಸರುಗಳಲ್ಲಿ ಶಬ್ದಶಾಸ್ತ್ರದ ಎರಡು ಕಾರ್ಯಗಳು ಕಾಣುತ್ತವೆ. ಮೊದಲನೆಯದರಲ್ಲಿ ಉತ್ತರಪದವಾದ ಕೆರೆಯು ಆದೇಶದಿಂದ ಗೆರೆಯಾಗಿದೆ. ಎರಡನೆಯದರಲ್ಲಿ ಹರಿಯೂ ಹರನೂ ಸ್ವರೂಪವನ್ನು ಬಿಡದೆಯೇ ಏಕಪದವಾಗಿರುವರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿಯೂ ಮೂರ್ತಿಯ ಬಲಭಾಗವು ಹರ, ಎಡಭಾಗವು ಹರಿ. ವಿಗ್ರಹ ಮಾತ್ರ ಒಂದೇ. ಅವಯವವನ್ನು ಬದಲಿಸಿಯೂ ಆಕೃತಿಯನ್ನು ಉಳಿಸಿಕೊಳ್ಳುವ ಇಂತಹ ಕಾರ್ಯವನ್ನೇ ರಸಾಯನಶಾಸ್ತ್ರಜ್ಞರು ಪ್ರೋಟೀನುಗಳಲ್ಲಿ ನಡೆಸುತ್ತಿರುವರು.

ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ವರ್ಣಗಳಂತೆ ಸಾಲಾಗಿ ಕೂಡಿ ಪ್ರೋಟೀನಾಗುತ್ತವೆ. ಕಿರಿದಾದ ಸಾಲಿಗೆ ಪೆಪ್ಟೈಡೆಂದು ಹೆಸರು. ಸಾಲು ಮಡಿಸಿಕೊಂಡು ತಳೆಯುವ ಆಕೃತಿಯಿಂದಲೇ ಅದರ ಕಾರ್ಯವು ಸಿದ್ಧಿಸುವುದು. ಆ ಆಕೃತಿಗಳಲ್ಲಿ ಪ್ರಸಿದ್ಧವಾದುದು, ಸುತ್ತೊಂದಕ್ಕೆ 3.6 ಅಮೈನೋ ಆಮ್ಲಗಳಿರುವ ಆಲ್ಫಾ ಸುರುಳಿ. ಆದರೆ ಪ್ರೋಟೀನಿನಿಂದ ಬೇರ್ಪಡಿಸಿದ ಚಿಕ್ಕ ತುಂಡು ನೀರಿನಲ್ಲಿ ಸಾಮಾನ್ಯವಾಗಿ ಸುರುಳಿಯನ್ನು ಕಳೆದುಕೊಳ್ಳುವುದು. ದೇಹದ ಕಿಣ್ವಗಳು ಅದನ್ನು ಬೇಗನೆ ಕತ್ತರಿಸಿಯೂ ಹಾಕುವುವು. ಇನ್ಸುಲಿನ್ನನ್ನು ಮಾತ್ರೆಯಾಗಿ ನುಂಗುವುದು ಸುಲಭಸಾಧ್ಯವಾಗದಿರುವುದಕ್ಕೆ ಇದೊಂದು ಕಾರಣ.

ಸಾಲು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದೆಂಬುದನ್ನು ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿ ಸಹೋದ್ಯೋಗಿಗಳೊಡನೆ 1963ರಲ್ಲಿ ನಕ್ಷೆಯಾಗಿ ನಿರೂಪಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ನೆಲೆಗೊಳಿಸಿದ ವಿಭಾಗದಲ್ಲಿ ಪಿ. ಬಲರಾಮ್ ಅವರು ಕೃತಕ ಪೆಪ್ಟೈಡುಗಳನ್ನು ದೀರ್ಘಕಾಲ ರಚಿಸಿದರು. ಅಲನೀನ್ ಎಂಬ ಅಮೈನೋ ಆಮ್ಲದ ನಡು ಇಂಗಾಲದಲ್ಲಿರುವ ಜಲಜನಕವನ್ನು ತೆಗೆದು ಮೀಥೈಲ್ ಗುಂಪನ್ನಿಟ್ಟರೆ ‘ಐಬ್’ ಎಂಬುದಾಗುತ್ತದೆ. ಇದು ಶುದ್ಧ ಆದೇಶ. ಎರಡು ಮೀಥೈಲುಗಳ ಇಕ್ಕಟ್ಟಿನಿಂದ ಅದಕ್ಕೆ ಸುರುಳಿಯ ಕೋನಗಳ ಹೊರತು ಬೇರೆ ಎಡೆ ಬಹಳವಿಲ್ಲ. ನೆರೆಯವರನ್ನೂ ಅದು ಸುರುಳಿಗೆ ಎಳೆಯುವುದು. ಆದೇಶವು ಶತ್ರುವಿನಂತೆ ಸ್ಥಾನವನ್ನು ಕಸಿಯುವುದೆಂದೂ ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ನಿಲ್ಲುವುದೆಂದೂ ವೈಯಾಕರಣರು ಹೇಳುವುದುಂಟು. ಇಲ್ಲಿ ಶತ್ರುವೇ ಉಪಕಾರಿಯಾದುದು ವಿನೋದಕರವಾಗಿದೆ.

ಆಗಮಕ್ಕೂ ಉದಾಹರಣೆಯುಂಟು. ಆಲ್ಫಾ ಅಮೈನೋ ಆಮ್ಲವು ಬೆನ್ನೆಲುಬಿಗೆ ಮೂರು ಪರಮಾಣುಗಳನ್ನು ಕೊಡುವುದು. ಇಂಗಾಲವೊಂದು ನಡುವೆ ಸೇರಿದರೆ ಬೀಟಾ, ಎರಡು ಸೇರಿದರೆ ಗಾಮಾ. ಇವುಗಳ ಪರಮಾಣುಗಳು ನಾಲ್ಕು ಮತ್ತು ಐದು. ಬೀಟಾ–ಗಾಮಾ ಜೋಡಿಗೆ ಒಂಬತ್ತಾಯಿತು. ಮೂರು ಆಲ್ಫಾಗಳಿಗೂ ಒಂಬತ್ತೇ. ಬಲರಾಮ್ ಅವರ ತಂಡವು ಅಮೆರಿಕದ ಇಸಬೆಲಾ ಕಾರ್ಲ್ ಅವರೊಡನೆ 1997ರಲ್ಲಿ, ಇಂತಹ ಜೋಡಿಯನ್ನು ಒಳಗೊಂಡ ಪೆಪ್ಟೈಡಿನ ಸ್ಫಟಿಕದಲ್ಲಿ ಸುರುಳಿಯು ಕೆಡದೆ ಉಳಿದಿರುವುದನ್ನು ತೋರಿಸಿತು. ಮಾತ್ರಾಗಣವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ: ಅಕ್ಷರಸಂಖ್ಯೆ ಬೇರೆಯಾದರೂ ಮಾತ್ರೆ ಸಮವಾದುದರಿಂದ ಲಯಕ್ಕೆ ಭಂಗವಿಲ್ಲ.

ಔಷಧದಲ್ಲಿ ಇದರ ಫಲವು ಸ್ಪಷ್ಟವಾಗಿದೆ. ಊಟದ ಬಳಿಕ ಕರುಳು ಸ್ರವಿಸುವ ‘ಜಿಎಲ್‌ಪಿ–1’ ಎಂಬ ಪೆಪ್ಟೈಡು ಇನ್ಸುಲಿನ್ನನ್ನು ಪ್ರಚೋದಿಸುವುದಾದರೂ, ಅದರ ಎರಡನೆಯ ಸ್ಥಾನದ ಅಲನೀನನ್ನು ಗುರುತಿಸುವ ಕಿಣ್ವವೊಂದು ಅದನ್ನು ಕೆಲವೇ ನಿಮಿಷಗಳಲ್ಲಿ ಕೆಡಿಸುವುದು. ಅಮೆರಿಕದಲ್ಲಿ 2017ರಲ್ಲಿ ಮಧುಮೇಹಕ್ಕೆ ಅನುಮತಿ ಪಡೆದ ಸೆಮಾಗ್ಲುಟೈಡಿನಲ್ಲಿ ಆ ಸ್ಥಾನದಲ್ಲಿರುವುದು ಐಬ್. ಕಿಣ್ವಕ್ಕೆ ಅಲ್ಲಿ ಹಿಡಿತ ಸಿಕ್ಕದು. ಆದೇಶವೊಂದರಿಂದಲೇ ಎಲ್ಲವೂ ಆಯಿತೆನ್ನಲಾಗದು. ಸಾಲಿಗೆ ಜೋಡಿಸಿದ ಕೊಬ್ಬಿನಾಮ್ಲದ ಬಾಲವು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಔಷಧವನ್ನು ಬಹುಕಾಲ ಉಳಿಸುವುದು. ಎರಡೂ ಕೂಡಿದುದರಿಂದ ಅದರ ಅರ್ಧಾಯುಷ್ಯವು ಸುಮಾರು ಒಂದು ವಾರವಾಗಿದೆ, ಚುಚ್ಚುಮದ್ದೂ ವಾರಕ್ಕೊಂದೇ ಆಗಿದೆ.