ಪರದೆ ಬಿದ್ದ ಮೇಲೆ ಉಳಿಯುವುದು

ಸುಗ್ಗಿ ಮುಗಿದರೆ ಮಂಡ್ಯ, ತುಮಕೂರು, ಹಾಸನದ ಕಡೆಯ ಹಳ್ಳಿಗಳಲ್ಲಿ ನಾಟಕದ ಕಾಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲೇ ಬಿಡಾರ ಹೂಡುತ್ತಾರೆ. ಹಗಲೆಲ್ಲ ಗದ್ದೆ, ಅಂಗಡಿ, ಕಚೇರಿ ಎಂದು ದುಡಿದವರು ರಾತ್ರಿ ಊಟ ಮುಗಿಸಿ ಶಾಲೆಯ ಜಗುಲಿಗೆ ಬಂದು ‘ಕುರುಕ್ಷೇತ್ರ’ದ ಕಂದಪದ್ಯ ಕಲಿಯುತ್ತಾರೆ. ಪಾತ್ರ ಪುಕ್ಕಟೆಯಲ್ಲ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸೈನಿಕನಿಗೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕಿ ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಸಂಭಾವನೆ ಎಲ್ಲವನ್ನೂ ಹೊಂದಿಸಬೇಕು. ಕೊನೆಗೊಂದು ರಾತ್ರಿ ನಾಟಕ ನಡೆಯುತ್ತದೆ. ಬೆಳಗಿನ ಜಾವ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ನಿದ್ದೆಹೋಗಿರುತ್ತಾರೆ. ಬೆಳಕು ಹರಿದ ಮೇಲೆ ಸೀನರಿಯ ಲಾರಿ ಇನ್ನೊಂದು ಊರಿಗೆ ಹೊರಡುತ್ತದೆ.

ಅಲ್ಲಿಗೆ ಮುಗಿಯಿತು. ಸಿನಿಮಾ ಆದರೆ ಮತ್ತೊಮ್ಮೆ ನೋಡಬಹುದು, ಕಾದಂಬರಿ ಆದರೆ ಗ್ರಂಥಾಲಯದಲ್ಲಿ ಸಿಕ್ಕೀತು. ನಾಟಕ ಆಡಿದ ರಾತ್ರಿಯೇ ಕರಗಿಹೋಗುವ ಕಲೆ. ಎರಡು ದಿನ ಕಳೆದ ಮೇಲೆ ಜಿಲ್ಲಾ ಪತ್ರಿಕೆಯ ಒಳಪುಟದಲ್ಲಿ ಮೂರು ಅಂಗುಲದ ಸುದ್ದಿ ಬಂದರೆ ಉಳಿಯುವುದು ಅದೊಂದೇ. ಅಂಥ ತುಣುಕನ್ನು ಕತ್ತರಿಸಿ, ಕನ್ನಡಿ ಹಾಕಿಸಿ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ ಮನೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಪೇಟೆಯಿಂದ ಬಂದವರು ಅದನ್ನು ಕಂಡು ನಗಬಹುದು. ನಗುವ ಮುನ್ನ, ಆ ಮೂರು ಅಂಗುಲ ಏನೇನು ಕೆಲಸ ಮಾಡುತ್ತದೆ ಎಂದು ನೋಡುವುದು ಒಳ್ಳೆಯದು.

ಮೇಲ್ನೋಟಕ್ಕೆ ಏನೂ ಮಾಡುವುದಿಲ್ಲ. ವೃತ್ತಿ ಕಂಪನಿಗಳ ಕಾಲದಲ್ಲಿ ಲೆಕ್ಕ ಬೇರೆ ಇತ್ತು. ಗುಬ್ಬಿ ಕಂಪನಿಯಂಥವು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದವು. ಪತ್ರಿಕೆಯಲ್ಲಿ ನಾಲ್ಕು ಒಳ್ಳೆಯ ಮಾತು ಬಂದರೆ ಮರುವಾರ ಟಿಕೇಟು ಹೆಚ್ಚು ಮಾರಾಟವಾಗುತ್ತಿತ್ತು. ಹವ್ಯಾಸಿ ತಂಡದ್ದು ಬಹಳವೆಂದರೆ ಎರಡು ಪ್ರದರ್ಶನ. ವಿಮರ್ಶೆ ಅಚ್ಚಾಗುವ ಹೊತ್ತಿಗೆ ರಂಗಮಂದಿರಕ್ಕೆ ಬೀಗ ಬಿದ್ದಿರುತ್ತದೆ. ಹಾಗಾದರೆ ಅದು ಯಾರಿಗಾಗಿ?

ಮೊದಲನೆಯದಾಗಿ ಪಕ್ಕದ ಊರಿಗಾಗಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿ 1949ರಲ್ಲಿ ಊರಿನವರೇ ಸೇರಿ ಕಟ್ಟಿಕೊಂಡ ಹವ್ಯಾಸಿ ತಂಡ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ಇಂದಿನ ನೀನಾಸಮ್. ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಅದು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1985ರಲ್ಲಿ ‘ತಿರುಗಾಟ’ ಆರಂಭವಾಯಿತು. ಮಳೆಗಾಲದಲ್ಲಿ ನಾಟಕಗಳನ್ನು ಸಿದ್ಧಪಡಿಸಿಕೊಂಡ ತಂಡವೊಂದು ಆಮೇಲೆ ರಾಜ್ಯದ ಊರೂರು ಸುತ್ತುತ್ತದೆ. ಪ್ರತಿ ಊರಿನಲ್ಲೂ ಆತಿಥ್ಯ ವಹಿಸುವವರು ಸ್ಥಳೀಯ ಸಂಘದವರು. ಕಲಾವಿದರ ಊಟ, ವಸತಿ, ರಂಗಮಂದಿರ, ಟಿಕೇಟು ಎಲ್ಲವೂ ಅವರ ಹೆಗಲಿಗೆ. ಇಂಥ ಸಂಘಕ್ಕೆ ಪತ್ರಿಕೆಯ ಮುಂಗಡ ಸುದ್ದಿ ಎಷ್ಟು ದೊಡ್ಡ ಆಸರೆ ಎಂಬುದು ಟಿಕೇಟು ಪುಸ್ತಕ ಹಿಡಿದು ಮನೆಮನೆ ತಿರುಗಿದವರಿಗೇ ಗೊತ್ತು. ಒಂದು ಊರಿನ ಪ್ರದರ್ಶನದ ವರದಿ ಓದಿದ ಮತ್ತೊಂದು ಊರಿನವರಿಗೆ ‘ನಾವೂ ಕರೆಸೋಣ’ ಎಂದೆನಿಸುತ್ತದೆ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಾವ ವಿಭಾಗದಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳು, ಇವು ಮೂರಕ್ಕೂ ಸೇರಿ ಆಗ ಇದ್ದ ಒಂದೇ ವಿಭಾಗ ಅದು. ನಾಟಕವನ್ನೂ ಪತ್ರಿಕೆಯನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದವರು ಯೋಚಿಸಿಯೇ ಕೂರಿಸಿರಬೇಕು.

ನಗರದ ಕಥೆಯೂ ಒಂದಿದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ 1972ರಲ್ಲಿ ‘ಪ್ರತಿಮಾ ನಾಟಕರಂಗ’ ಎಂಬ ಹವ್ಯಾಸಿ ತಂಡಕ್ಕಾಗಿ ಬಿ.ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದರು. ಹವ್ಯಾಸಿ ರಂಗಭೂಮಿಯ ದಿಕ್ಕು ಬದಲಾದದ್ದು ಅಲ್ಲಿಂದ ಎಂದು ಇಂದಿಗೂ ಹೇಳುತ್ತಾರೆ. ಅಲ್ಲಿ ಕುಳಿತು ನೋಡಿದವರು ಎಷ್ಟು ಜನ ಇದ್ದಾರು? ನೋಡದವರಿಗೂ, ಆಗ ಹುಟ್ಟಿಯೇ ಇರದವರಿಗೂ ಆ ರಾತ್ರಿಗಳ ವಿಷಯ ತಿಳಿದಿರುವುದು ಯಾರೋ ಬರೆದರು, ಯಾರೋ ಅಚ್ಚು ಮಾಡಿದರು ಎಂಬ ಕಾರಣಕ್ಕೆ. ಪತ್ರಕರ್ತ ವೈಎನ್ಕೆ ಆ ರಂಗಗೆಳೆಯರ ಒಡನಾಡಿ. ಗೆಳೆಯರ ನಾಟಕದ ಬಗ್ಗೆ ಗೆಳೆಯರೇ ಬರೆದರೆ ನಂಬುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸಣ್ಣ ಊರುಗಳಲ್ಲಂತೂ ವರದಿಗಾರ, ನಟ, ಸಂಘದ ಕಾರ್ಯದರ್ಶಿ ಮೂವರೂ ಒಂದೇ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುವವರು. ಆದರೂ ಒಬ್ಬ ಒಳ್ಳೆಯ ವರದಿಗಾರ ಎರಡನೇ ಅಂಕ ಎಳೆಯಿತು, ಸಂಗೀತದ ಅಬ್ಬರದಲ್ಲಿ ಮಾತು ಕೇಳಿಸಲಿಲ್ಲ ಎಂದು ಬರೆಯಬಲ್ಲ. ಬರೆದರೆ ಒಂದು ವಾರ ಮುನಿಸು, ಮುಂದಿನ ವರ್ಷಕ್ಕೆ ಉತ್ತಮ ನಾಟಕ. ‘ಪ್ರೇಕ್ಷಕರ ಮನಸೂರೆಗೊಂಡಿತು’ ಎಂಬ ಸವೆದ ವಾಕ್ಯದಿಂದ ನಟನೊಬ್ಬ ಕಲಿಯುವುದು ಏನೂ ಇಲ್ಲ.

ಪತ್ರಿಕೆಗೆ ನಾಟಕದಿಂದಲೂ ಋಣವಿದೆ, ನಾಟಕಕ್ಕೆ ಪತ್ರಿಕೆಯಿಂದಲೂ ಇದೆ. 1977ರಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ದಲಿತರ ಹತ್ಯಾಕಾಂಡ ನಡೆಯಿತು. ಕರ್ನಾಟಕಕ್ಕೆ ಅದು ಪತ್ರಿಕೆಗಳ ಸುದ್ದಿಯಾಗಿ ಬಂತು. 1975ರಲ್ಲಿ ಹುಟ್ಟಿದ್ದ ‘ಸಮುದಾಯ’ ತಂಡ ಅದನ್ನು ‘ಬೆಲ್ಚಿ’ ಎಂಬ ಬೀದಿನಾಟಕವಾಗಿ ರಾಜ್ಯದ ಊರುಕೇರಿಗಳಿಗೆ ಒಯ್ದಿತು. ಪತ್ರಿಕೆ ಓದಲು ಬಾರದವರಿಗೂ ಸುದ್ದಿ ಹೀಗೆ ಮುಟ್ಟಿತು.

ಇನ್ನು ಮನೆಯೊಳಗಿನ ಮಾತು. ಮಗ ಪಿಯುಸಿಯಲ್ಲಿ ನಾಟಕ ಎಂದು ತಿರುಗಿದರೆ ತಂದೆಗೆ ಆತಂಕ. ಮಗಳು ರಂಗದ ಮೇಲೆ ನಿಲ್ಲುತ್ತೇನೆಂದರೆ ಅಜ್ಜಿಗೆ, ಅತ್ತೆಗೆ, ಓಣಿಯವರಿಗೆಲ್ಲ ಆತಂಕ. ಎಷ್ಟೋ ಕಾಲೇಜುಗಳಲ್ಲಿ ತಾಲೀಮು ಸಂಜೆ ಆರರ ಮೇಲೆ ಮುಂದುವರಿದರೆ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಾರೆ. ಈ ವಿರೋಧವನ್ನು ಉಪದೇಶ ಕರಗಿಸಿದ್ದು ಕಡಿಮೆ. ‘ಗಾಂಧಾರಿಯ ಪಾತ್ರದಲ್ಲಿ’ ಎಂದು ಮಗಳ ಹೆಸರು ಅಚ್ಚಾಗಿ ಬಂದ ದಿನ, ಅದನ್ನು ಮೊದಲು ನೋಡಿದ ಹಾಲಿನವನೋ ಅಂಗಡಿಯವನೋ ‘ಏನ್ ಸ್ವಾಮಿ, ನಿಮ್ಮ ಮಗಳಂತೆ’ ಎಂದ ಕ್ಷಣ, ಅಪ್ಪ ಒಂದು ಪ್ರತಿಗೆ ಬದಲು ನಾಲ್ಕು ಪ್ರತಿ ಕೊಳ್ಳುತ್ತಾನೆ. ಊರು ಒಪ್ಪಿತು ಎಂಬುದಕ್ಕೆ ಅವನ ಕೈಗೆ ಸಿಕ್ಕ ಪುರಾವೆ ಅದು. ಮುಂದಿನ ತಾಲೀಮಿಗೆ ಮಗಳನ್ನು ಅವನೇ ಸ್ಕೂಟರಿನಲ್ಲಿ ಬಿಟ್ಟುಬಂದಾನು.

ಆದರೆ ಹೆಸರು ಬಂದರೆ ತಾನೆ! ನಮ್ಮ ಬಹುಪಾಲು ರಂಗವರದಿಗಳ ದೊಡ್ಡ ದೋಷ ಇಲ್ಲಿದೆ. ಯಾವುದೇ ದಿನದ ಸ್ಥಳೀಯ ಪುಟ ತೆಗೆದು ಪರೀಕ್ಷಿಸಿ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಸ್ವಾಗತಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತದೆ. ಕಟ್ಟಕಡೆಗೆ ‘ನಂತರ ನಾಟಕ ಪ್ರದರ್ಶನ ನಡೆಯಿತು’. ಚಿತ್ರದಲ್ಲಿ ದೀಪ ಹಚ್ಚುವ ಏಳು ಕೈಗಳು ಮಾತ್ರ. ವರದಿಗಾರನನ್ನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಅವನು ಅದೇ ಸಂಜೆ ಇನ್ನೆರಡು ಸಭೆಗೆ ಓಡಬೇಕು, ಪುಟ ಮುಗಿಯುವ ಹೊತ್ತಿಗೆ ಸುದ್ದಿ ಕಳಿಸಬೇಕು. ಉದ್ಘಾಟನೆ ಆರೂವರೆಗೆ, ನಾಟಕ ಎಂಟಕ್ಕೆ. ಎದ್ದುಹೋಗುತ್ತಾನೆ.

ಇದಕ್ಕೆ ಮದ್ದು ತಂಡದ ಕೈಯಲ್ಲೇ ಇದೆ. ನಾಟಕದ ಹೆಸರು, ಬರೆದವರು, ಅನುವಾದವಾದರೆ ಅನುವಾದಿಸಿದವರು, ನಿರ್ದೇಶಕರು, ಪಾತ್ರಧಾರಿಗಳೆಲ್ಲರ ಹೆಸರು, ಬೆಳಕು, ಸಂಗೀತ, ಪ್ರಸಾಧನ ಮಾಡಿದವರು, ದಿನ, ಗಂಟೆ, ಸ್ಥಳ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಾರ ಮೊದಲೇ ಪತ್ರಿಕೆಗೆ ತಲುಪಿಸಬೇಕು. ಜೊತೆಗೆ ತಾಲೀಮಿನ ಒಂದು ಸ್ಪಷ್ಟ ಚಿತ್ರ. ಶಾಲಾ ಕಾಲೇಜು ನಾಟಕಗಳಲ್ಲಿ ಈ ಕೆಲಸವನ್ನು ಪಾತ್ರ ಸಿಗದ ವಿದ್ಯಾರ್ಥಿಗೆ ಒಪ್ಪಿಸಬಹುದು. ಇನ್ನೂರು ಶಬ್ದದೊಳಗೆ ತಪ್ಪಿಲ್ಲದ ಕನ್ನಡ ಬರೆಯುವ ಅಭ್ಯಾಸ ಪರೀಕ್ಷೆಗೂ ಆಗುತ್ತದೆ. ಒಬ್ಬರ ಹೆಸರಿನ ಕಾಗುಣಿತ ತಪ್ಪಿದರೆ ಎಷ್ಟು ನೋವಾಗುತ್ತದೆ ಎಂಬುದು ಮೊದಲ ಸಲಕ್ಕೇ ತಿಳಿಯುತ್ತದೆ.

ಈ ವಿಷಯದಲ್ಲಿ ಕರಾವಳಿಯವರು ಜಾಣರು. ಮಣಿಪಾಲದಿಂದ 1970ರಲ್ಲಿ ಹೊರಟ ‘ಉದಯವಾಣಿ’ಯೂ ಸೇರಿ ಅಲ್ಲಿನ ಪತ್ರಿಕೆಗಳಲ್ಲಿ ಇಂದು ರಾತ್ರಿ ಯಾವ ಮೇಳ ಎಲ್ಲಿ ಆಡುತ್ತದೆ ಎಂಬ ಯಕ್ಷಗಾನದ ಪಟ್ಟಿ ಬರುವುದು ರೂಢಿ. ವಿಶೇಷಣವಿಲ್ಲ, ಹೊಗಳಿಕೆಯಿಲ್ಲ. ಮೇಳ, ಊರು ಅಷ್ಟೆ, ಹೆಚ್ಚೆಂದರೆ ಪ್ರಸಂಗದ ಹೆಸರು. ಮೇಳಗಳು ಗೆಜ್ಜೆ ಕಟ್ಟಿದ ದಿನದಿಂದ ಮೇ ತಿಂಗಳ ಪತ್ತನಾಜೆಯಲ್ಲಿ ಗೆಜ್ಜೆ ಬಿಚ್ಚುವವರೆಗೆ ಅದನ್ನು ನೋಡಿಕೊಂಡೇ ಸಂಜೆಯ ಬಸ್ಸು ಹಿಡಿಯುವವರಿದ್ದಾರೆ. ನಾಟಕಗಳಿಗೆ ಇಂಥ ಪಟ್ಟಿಯೊಂದು ಜಿಲ್ಲೆಗೊಂದರಂತೆ ಇದ್ದಿದ್ದರೆ ಖಾಲಿ ಕುರ್ಚಿಗಳು ಎಷ್ಟೋ ತುಂಬುತ್ತಿದ್ದವು.

ಜಿಲ್ಲಾ ಪುಟಗಳು ಹೆಚ್ಚಿದ್ದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಮೊದಲು ಜಾಗವೇ ಸಿಗದ ಸಣ್ಣ ತಂಡಕ್ಕೆ ಈಗ ಜಾಗ ಸಿಗುತ್ತದೆ. ಆದರೆ ಸಾಗರದ ನಾಟಕದ ಸುದ್ದಿ ಶಿವಮೊಗ್ಗದ ಗಡಿ ದಾಟುವುದಿಲ್ಲ, ರಾಯಚೂರಿನದು ಮೈಸೂರಿಗೆ ಮುಟ್ಟುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಆಮಂತ್ರಣ ಕ್ಷಣದಲ್ಲಿ ನೂರು ಜನಕ್ಕೆ ಹೋಗುತ್ತದೆ, ನಿಜ. ಫೋನು ಬದಲಾಯಿಸಿದಾಗ ಅದೂ ಹೋಗುತ್ತದೆ. ಐದು ವರ್ಷದ ಹಿಂದಿನ ನಾಟಕದಲ್ಲಿ ಯಾರು ಯಾರು ಪಾತ್ರ ಮಾಡಿದ್ದರು ಎಂದು ಕೇಳಿದರೆ ಎಷ್ಟೋ ತಂಡಗಳಿಗೆ ಉತ್ತರ ಸಿಗುವುದು ಹಳೆಯ ಫೈಲಿನ ಪತ್ರಿಕಾ ತುಣುಕಿನಿಂದಲೇ.

ಆ ತುಣುಕನ್ನು ಕಾಪಾಡುವುದರಲ್ಲೂ ಒಂದು ವಿಜ್ಞಾನವಿದೆ. ಪತ್ರಿಕೆಯ ಕಾಗದ ಬೇಗ ಹಳದಿಯಾಗುವುದೇಕೆ? ಮರದಲ್ಲಿ ಸೆಲ್ಯುಲೋಸ್ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಎಂಬ ವಸ್ತುವಿದೆ. ಒಳ್ಳೆಯ ಪುಸ್ತಕದ ಕಾಗದ ಮಾಡುವಾಗ ರಾಸಾಯನಿಕಗಳಿಂದ ಬೇಯಿಸಿ ಅದನ್ನು ತೆಗೆಯುತ್ತಾರೆ. ನ್ಯೂಸ್‌ಪ್ರಿಂಟ್ ಅಗ್ಗವಾಗಿರಬೇಕು. ಹಾಗಾಗಿ ಮರವನ್ನು ಯಂತ್ರದಲ್ಲಿ ಅರೆದ ತಿರುಳನ್ನೇ ಅದಕ್ಕೆ ಹೆಚ್ಚಾಗಿ ಬಳಸುತ್ತಾ ಬಂದಿದ್ದಾರೆ. ಲಿಗ್ನಿನ್ ಅದರಲ್ಲೇ ಉಳಿಯುತ್ತದೆ. (ಭದ್ರಾವತಿಯ ಕಾಗದ ಕಾರ್ಖಾನೆಯೂ ಒಂದು ಕಾಲಕ್ಕೆ ನ್ಯೂಸ್‌ಪ್ರಿಂಟ್ ತಯಾರಿಸುತ್ತಿತ್ತು.) ಬೆಳಕು ಮತ್ತು ಗಾಳಿಯ ಆಮ್ಲಜನಕ ಸೇರಿ ಲಿಗ್ನಿನ್‌ಅನ್ನು ಉತ್ಕರ್ಷಿಸಿದಾಗ ಹಳದಿ, ಕಂದು ಬಣ್ಣ ಬರುತ್ತದೆ. ಜೊತೆಗೇ ಹುಟ್ಟುವ ಆಮ್ಲ ನಾರುಗಳನ್ನು ತುಂಡರಿಸಿ ಕಾಗದವನ್ನು ಹಪ್ಪಳದಂತೆ ಮಾಡುತ್ತದೆ. ಮನೆಯಲ್ಲೇ ನೋಡಬಹುದು. ಇಂದಿನ ಪತ್ರಿಕೆಯ ತುಂಡೊಂದರ ಮೇಲೆ ಐದು ರೂಪಾಯಿ ನಾಣ್ಯವಿಟ್ಟು ಕೆಲವು ದಿನ ಬಿಸಿಲಿಗಿಡಿ. ನಾಣ್ಯ ಎತ್ತಿದರೆ ಅದರಡಿಯ ವೃತ್ತ ಸುತ್ತಲಿಗಿಂತ ಬೆಳ್ಳಗಿರುತ್ತದೆ.

ಆದ್ದರಿಂದ ದೇವರ ಪಟದ ಪಕ್ಕದ ಕನ್ನಡಿ ಚೌಕಟ್ಟು, ಎಷ್ಟೇ ಅಭಿಮಾನದ್ದಾದರೂ, ತುಣುಕಿಗೆ ಒಳ್ಳೆಯ ಜಾಗವಲ್ಲ. ಅಲ್ಲಿ ಬೆಳಕು ದಿನವೂ ಬೀಳುತ್ತದೆ. ಗೋಡೆಗೆ ಒಂದು ಜೆರಾಕ್ಸ್ ಪ್ರತಿ ಸಾಕು. ಅಸಲನ್ನು ಮಡಿಸದೆ, ಬಿಳಿ ಹಾಳೆಗಳ ನಡುವೆ, ಒಣಗಿದ ಕತ್ತಲೆ ಕಪಾಟಿನಲ್ಲಿಡಬೇಕು. ಸೆಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಒಳಗಿನ ಆಮ್ಲವನ್ನು ಹೊರಗೆ ಬಿಡುವುದಿಲ್ಲ, ಆಮೇಲೆ ಬಿಚ್ಚಲೂ ಬರುವುದಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಎರಡು ಕಡೆ ಇಟ್ಟುಕೊಳ್ಳುವುದು ಇನ್ನೂ ಕ್ಷೇಮ.

ಕತ್ತರಿಸುವವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಸುದ್ದಿಯನ್ನು ಅಂಚಿಗೆ ಸರಿಯಾಗಿ ಕತ್ತರಿಸುತ್ತಾರೆ, ಪತ್ರಿಕೆಯ ಹೆಸರೂ ದಿನಾಂಕವೂ ಕಸಕ್ಕೆ ಹೋಗುತ್ತವೆ. ಅವೆರಡನ್ನೂ ಪುಟಸಂಖ್ಯೆಯನ್ನೂ ತುಣುಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ಪೆನ್ನಿನ ಶಾಯಿ ಹರಡುತ್ತದೆ, ಮಾಸುತ್ತದೆ. ಪೆನ್ಸಿಲಿನ ಗ್ರಾಫೈಟ್ ಇಂಗಾಲದ್ದು, ಬೆಳಕಿಗೆ ಮಾಸುವುದಿಲ್ಲ.