ನೆರೆಯವರಿಗಾಗಿ ಕೂಡಿ ಬೇಡುವ ಪ್ರಾರ್ಥನೆ: ವಯನಾಡಿನಿಂದ ಒಂದು ಪರಿಚಯ

ಕನ್ನಡದಲ್ಲಿ ‘ನೆರೆ’ ಎಂದರೆ ಉಕ್ಕಿ ಬರುವ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಹರಿದಾಗ ಗಡಿಯ ಊರುಗಳಲ್ಲಿರುವ ನಮಗೆ ಎರಡು ಅರ್ಥವೂ ಒಟ್ಟಿಗೇ ತಟ್ಟಿದವು. ಪ್ರಾಣ ಕಳೆದುಕೊಂಡವರಲ್ಲಿ ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದವರೂ ಇದ್ದರು. ಆ ಬಳಿಕದ ಭಾನುವಾರ, ಆಗಸ್ಟ್ 4ರಂದು, ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೇರಳದ ಮೃತರಿಗಾಗಿ, ಸಂತ್ರಸ್ತರಿಗಾಗಿ ತಮ್ಮೊಂದಿಗೆ ಪ್ರಾರ್ಥಿಸುವಂತೆ ನೆರೆದ ಜನರನ್ನು ಕೇಳಿಕೊಂಡರು.

ಹೀಗೆ ಬೇರೆಯವರಿಗಾಗಿ ಎಲ್ಲರೂ ಕೂಡಿ ಬೇಡುವುದು ಕ್ರೈಸ್ತರಲ್ಲಿ ವಿಪತ್ತಿನ ದಿನಕ್ಕೆಂದೇ ಹುಟ್ಟಿದ ಪದ್ಧತಿಯಲ್ಲ. ಮದುವೆಗೋ ಮರಣಕ್ಕೋ ಗೆಳೆಯರ ಜೊತೆ ಚರ್ಚಿಗೆ ಹೋದ ನಮ್ಮ ಸದಸ್ಯರು ಇದನ್ನು ನೋಡಿಯೇ ಇರುತ್ತೀರಿ. ಬೈಬಲ್ ವಾಚನ, ಪ್ರವಚನ ಮುಗಿದ ಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಒಬ್ಬರು ಮುಂದೆ ಬಂದು ಒಂದೊಂದೇ ಕೋರಿಕೆ ಓದುತ್ತಾರೆ. ಪ್ರತಿ ಕೋರಿಕೆಯ ಕೊನೆಗೆ ಸಭೆಯೆಲ್ಲ ಒಂದೇ ಮಾತಿನಲ್ಲಿ ದೇವರನ್ನು ಮೊರೆಯಿಡುತ್ತದೆ. ಕನ್ನಡದ ಕಥೋಲಿಕರು ಇದನ್ನು ವಿಶ್ವಾಸಿಗಳ ಪ್ರಾರ್ಥನೆ ಎನ್ನುತ್ತಾರೆ. ವಯನಾಡಿನಲ್ಲಿ ಹೆಚ್ಚಾಗಿರುವ ಸಿರೋ ಮಲಬಾರ್ ಸಭೆಯವರ ಪೂಜೆಯಲ್ಲಿ ಇದರ ಹೆಸರು ಕಾರೋಸೂಸ. ಸಾರಿ ಹೇಳುವುದು ಎಂಬರ್ಥದ ಸಿರಿಯಾಕ್ ಪದ ಅದು. ಸಿ.ಎಸ್.ಐ. ಮತ್ತಿತರ ಸಭೆಗಳ ಆರಾಧನೆಯಲ್ಲೂ ಇಂಥದೇ ಭಾಗವೊಂದಿದೆ.

ಲ್ಯಾಟಿನ್ ವಿಧಿಯ ಕಥೋಲಿಕರಲ್ಲಿ ಇದು ನೂರಾರು ವರ್ಷ ಭಾನುವಾರದ ಪೂಜೆಯಿಂದ ಬಿಟ್ಟೇ ಹೋಗಿತ್ತು. ಉಳಿದುಕೊಂಡದ್ದು ಶುಭ ಶುಕ್ರವಾರದ ವಿಧಿಯಲ್ಲಿ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ಮರಳಿ ತಂದಿತು. ಈಗ ಕೋರಿಕೆಗಳಿಗೆ ಒಂದು ಕ್ರಮವಿದೆ: ಮೊದಲು ಧರ್ಮಸಭೆ, ಆಮೇಲೆ ಆಳುವವರು ಮತ್ತು ಇಡೀ ಲೋಕ, ಬಳಿಕ ಕಷ್ಟದಲ್ಲಿರುವವರು, ಕೊನೆಗೆ ಆ ಊರಿನ ಜನ. ಶುಭ ಶುಕ್ರವಾರದಂದು ಮಾತ್ರ ಕೋರಿಕೆಗಳು ಹತ್ತು. ಕ್ರಿಸ್ತನನ್ನು ನಂಬದವರಿಗಾಗಿ ಒಂದು, ದೇವರನ್ನೇ ನಂಬದವರಿಗಾಗಿ ಇನ್ನೊಂದು ಅದರಲ್ಲಿ ಸೇರಿವೆ. ‘ನಮ್ಮವರಿಗೆ ಒಳ್ಳೆಯದಾಗಲಿ’ ಎಂಬಲ್ಲಿಗೇ ಈ ಪ್ರಾರ್ಥನೆ ನಿಲ್ಲುವುದಿಲ್ಲ ಎಂಬುದಕ್ಕೆ ನಾವು ಮುಖ್ಯವಾಗಿ ಗಮನಿಸಿದ್ದು ಇದನ್ನೇ.

ಹಾಗಾದರೆ ನೆರೆಯವನು ಯಾರು? ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರಿಯೊಬ್ಬ ಯೇಸುವನ್ನು ಇದೇ ಪ್ರಶ್ನೆ ಕೇಳುತ್ತಾನೆ. ಉತ್ತರವಾಗಿ ಬರುವುದು ಸಮಾರಿಯದವನ ಕಥೆ. ಕಳ್ಳರು ಪ್ರಯಾಣಿಕನೊಬ್ಬನನ್ನು ಹೊಡೆದು, ಬಟ್ಟೆಯನ್ನೂ ಕಿತ್ತುಕೊಂಡು, ಅರೆಜೀವ ಮಾಡಿ ಬಿಟ್ಟು ಹೋಗುತ್ತಾರೆ. ಬಟ್ಟೆಯಿಲ್ಲ, ಮಾತಿಲ್ಲ, ಅವನು ಯಾವ ಕುಲದವನು, ಯಾವ ಊರಿನವನು ಎಂದು ತಿಳಿಯಲು ದಾರಿಯೇ ಇಲ್ಲ. ಪುರೋಹಿತ ದಾಟಿ ಹೋಗುತ್ತಾನೆ, ಲೇವಿಯನೂ ದಾಟಿ ಹೋಗುತ್ತಾನೆ. ನಿಂತವನು ಯೆಹೂದ್ಯರು ದೂರ ಇಟ್ಟಿದ್ದ ಸಮಾರಿಯದವನು.

ಪುತ್ತುಮಲದಲ್ಲಿ ಈ ಕಥೆ ಕಥೆಯಾಗಿ ಉಳಿಯಲಿಲ್ಲ. ಮೇಪ್ಪಾಡಿ ಪಂಚಾಯಿತಿಗೆ ಸೇರಿದ ಈ ಜಾಗವೇ 2019ರ ಆಗಸ್ಟ್ 8ರಂದು ಗುಡ್ಡ ಕುಸಿತಕ್ಕೆ ತುತ್ತಾಗಿತ್ತು. 2024ರಲ್ಲಿ ಗುರುತು ಸಿಗದ ಶವಗಳನ್ನೂ, ಎಷ್ಟೋ ಶವಗಳ ಬಿಡಿ ಭಾಗಗಳನ್ನೂ ಇಲ್ಲಿನ ತೋಟದ ನೆಲದಲ್ಲಿ ಮಣ್ಣು ಮಾಡಲಾಯಿತು. ಸತ್ತವರು ಹಿಂದೂಗಳೋ ಮುಸ್ಲಿಮರೋ ಕ್ರೈಸ್ತರೋ ಹೇಳುವವರಿರಲಿಲ್ಲ. ಆದ್ದರಿಂದ ಮೂರೂ ಮತದವರು ಅಲ್ಲಿ ಪ್ರಾರ್ಥಿಸಿದರು. ಪ್ರತಿ ಗುಂಡಿಗೂ ಒಂದು ಸಂಖ್ಯೆ ಬಂತು. ಡಿ.ಎನ್.ಎ. ಪರೀಕ್ಷೆಯ ಬಳಿಕ ಕೆಲವು ಸಂಖ್ಯೆಗಳಿಗೆ ಹೆಸರು ಸಿಕ್ಕಿತು.

ಹೆಸರೇ ತಿಳಿಯದವರಿಗಾಗಿ ಪ್ರಾರ್ಥಿಸುವುದು ಹೇಗೆ ಎಂದು ಕೇಳಬಹುದು. ಕಥೋಲಿಕ ಪೂಜೆಯ ಮುಖ್ಯ ಪ್ರಾರ್ಥನೆಗಳಲ್ಲೊಂದು, ಯಾರ ವಿಶ್ವಾಸ ಎಂಥದೆಂದು ದೇವರಿಗೆ ಮಾತ್ರ ಗೊತ್ತಿದೆಯೋ ಅಂಥ ಮೃತರನ್ನೂ ನೆನೆಯುತ್ತದೆ. ಭಾನುವಾರ ಬೆಳಿಗ್ಗೆ ಕೇಳಿದರೆ ಕಿವಿಯ ಪಕ್ಕದಲ್ಲೇ ಹಾದುಹೋಗುವ ಮಾತು. ಪುತ್ತುಮಲದ ಸಂಖ್ಯೆಗಳನ್ನು ನೆನೆದು ಕೇಳಿದರೆ ಹಾಗೆ ಹಾದುಹೋಗುವುದಿಲ್ಲ.

ಪ್ರಾರ್ಥಿಸಿ ಕೈ ತೊಳೆದುಕೊಂಡರೆ ಸಾಕೇ? ಸಾಲದು ಎಂದು ಬೈಬಲ್ಲೇ ಖಡಾಖಂಡಿತವಾಗಿ ಹೇಳುತ್ತದೆ. ಹಸಿದವನಿಗೆ, ಬಟ್ಟೆಯಿಲ್ಲದವನಿಗೆ ಏನೂ ಕೊಡದೆ ಬರೀ ಶುಭ ಹಾರೈಸಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನ ಪತ್ರ ಕೇಳುತ್ತದೆ. ಅಚ್ಚಾದ ಪುಸ್ತಕದಿಂದ ‘ಲೋಕದ ಬಡವರಿಗಾಗಿ’ ಎಂದು ಓದಿ ಮುಗಿಸುವ ಕೋರಿಕೆಗಳೂ ಇವೆ. ಅವುಗಳಿಂದ ಯಾರ ಜೇಬಿಗೂ ತೊಂದರೆಯಿಲ್ಲ! ಕೇರಳದ ಚರ್ಚುಗಳಲ್ಲಿ ಇದಕ್ಕಿಂತ ಹತ್ತಿರದ್ದು ಕುಟುಂಬ ಕೂಟ. ಅಕ್ಕಪಕ್ಕದ ಕೆಲವು ಮನೆಗಳವರು ಸರದಿಯಂತೆ ಒಬ್ಬರ ಮನೆಯಲ್ಲಿ ಸೇರಿ ಪ್ರಾರ್ಥಿಸುತ್ತಾರೆ. ಅಲ್ಲಿ ಕಾಯಿಲೆಗೂ ಸಾಲಕ್ಕೂ ಸೋರುವ ಮಾಡಿಗೂ ಹೆಸರಿರುತ್ತದೆ. ಹೆಸರು ಹೇಳಿ ಬೇಡಿದ ಮೇಲೆ ಮರುದಿನ ಆ ಮನೆಯ ಮುಂದೆ ಸುಮ್ಮನೆ ದಾಟಿ ಹೋಗುವುದು ಕಷ್ಟ.

ದುರಂತದ ಬಳಿಕ ಕೇರಳ ಕಥೋಲಿಕ ಬಿಷಪರ ಮಂಡಳಿ 100 ಮನೆ ಕಟ್ಟಿಸಿಕೊಡುವುದಾಗಿ ಪ್ರಕಟಿಸಿತು. ಕರ್ನಾಟಕ ಸರಕಾರವೂ 100 ಮನೆಗಳ ಮಾತು ಕೊಟ್ಟಿತು. ಚೂರಲ್‌ಮಲದ ಮಸೀದಿ, ಮದರಸಾ ತಾತ್ಕಾಲಿಕ ಆಸ್ಪತ್ರೆಯಾದವು. ಸೇವೆ ಒಂದು ಮತದವರ ಗುತ್ತಿಗೆಯಲ್ಲ ಎಂಬುದನ್ನು ಕ್ರೈಸ್ತ ಗೆಳೆಯರೇ ಮೊದಲು ಒಪ್ಪುತ್ತಾರೆ. ಸಮಾರಿಯದವನ ಕಥೆಯೂ ಹೇಳುವುದು ಅದನ್ನೇ ಅಲ್ಲವೇ?

ಈ ಚರ್ಚುಗಳು ನಮಗೆ ಹೊರಗಿನವೂ ಅಲ್ಲ. ಪಳ್ಳಿಕ್ಕುನ್ನಿನ ಲೂರ್ದು ಮಾತೆಯ ದೇವಾಲಯವನ್ನು ಫ್ರೆಂಚ್ ಪಾದ್ರಿ ಜೆಫ್ರಿನೋ 1908ರಲ್ಲಿ ಸ್ಥಾಪಿಸಿದಾಗ ವಯನಾಡು ಇದ್ದದ್ದು ಮೈಸೂರು ಧರ್ಮಪ್ರಾಂತದಲ್ಲಿ. 1923ರಲ್ಲಿ ಕಲ್ಲಿಕೋಟೆ ಧರ್ಮಪ್ರಾಂತ ಹುಟ್ಟಿದ ಮೇಲೆ ಅದು ಆಚೆಗೆ ಹೋಯಿತು. ತಿರುಗಿ ನೋಡಿದರೆ, 1973ರಲ್ಲಿ ಆರಂಭವಾದ ಮಾನಂತವಾಡಿ ಧರ್ಮಪ್ರಾಂತದ ವ್ಯಾಪ್ತಿಯಲ್ಲಿ ಮಂಡ್ಯ, ಮೈಸೂರು, ಹಾಸನ, ಚಾಮರಾಜನಗರ ಜಿಲ್ಲೆಗಳ ಸಿರೋ ಮಲಬಾರ್ ಸಭೆಯವರು 2010ರವರೆಗೂ ಇದ್ದರು.

ಪಳ್ಳಿಕ್ಕುನ್ನಿನ ಹಬ್ಬ ಪ್ರತಿ ಫೆಬ್ರವರಿಯಲ್ಲಿ ನಡೆಯುತ್ತದೆ, ಎಲ್ಲ ಮತದವರೂ ಬರುತ್ತಾರೆ. ಹೋಗಬಯಸುವ ಸದಸ್ಯರಿಗೆ ಎರಡು ಮಾತು. ಕೋರಿಕೆಗಳ ಹೊತ್ತಿನಲ್ಲಿ ಎಲ್ಲರೊಂದಿಗೆ ಎದ್ದು ನಿಂತರೆ ಸಾಕು. ಉತ್ತರ ಹೇಳಲೇಬೇಕೆಂದಿಲ್ಲ, ಮೌನವಾಗಿ ನಿಮ್ಮ ಊರಿನ ಒಬ್ಬರನ್ನು ನೆನೆಯಬಹುದು. ಪರಮಪ್ರಸಾದದ ಸಾಲಿಗೆ ಮಾತ್ರ ಇತರರು ಹೋಗುವಂತಿಲ್ಲ, ಆಗ ಇದ್ದಲ್ಲೇ ಕುಳಿತಿರಿ. ಪುತ್ತುಮಲಕ್ಕೆ ಹೋಗುವವರು ಮೇಪ್ಪಾಡಿಯ ದಾರಿ ಹಿಡಿಯಬೇಕು. ಅದು ಪ್ರವಾಸದ ಜಾಗವಲ್ಲ, ಸಮಾಧಿಗಳ ಬಳಿ ದಯವಿಟ್ಟು ಫೋಟೋ ತೆಗೆಯಬೇಡಿ. ನಿಮ್ಮ ಮುಂದೆಯೇ ಮನೆಯವರು ನಿಂತಿರಬಹುದು.